ಹತ್ತರಗಿಯ ಹೊಲದಲ್ಲಿ ಒಂದು ಜಾಮೀನು

ಬೆಳಿಗ್ಗೆ ಆರೂಮುಕ್ಕಾಲಿಗೆ ಗೋಕಾಕದಲ್ಲಿ ಮೂಡಲಗಿ ಬಸ್ಸು ಹತ್ತಿದಾಗ ಶ್ರಾವಣದ ಜಿಟಿಜಿಟಿ ಮಳೆ ಹಿಡಿದಿತ್ತು. ಚೀಲದಲ್ಲಿ ಒಂದು ಡಬ್ಬಿ ಕರದಂಟು, ಬುತ್ತಿ, ಪ್ಲಾಸ್ಟಿಕ್ಕಿನಲ್ಲಿ ಎರಡು ಸಲ ಸುತ್ತಿದ ಛಾಪಾ ಕಾಗದ. ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ಜಪಾನಿನ ದಾರಿಯ ಮೊದಲ ಮಜಲು ಪುಕ್ಕಟೆ ಆಯಿತಲ್ಲ ಎಂದು ಒಬ್ಬಳೇ ನಕ್ಕೆ.

ಜಪಾನಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ನನ್ನ ಹೆಸರು ನಸೀಮಾ. ಬೆಳೆಯ ಇಳುವರಿ ಎಷ್ಟು ಬಂತು ಎಂಬುದನ್ನು ಅಳೆಯಿಸಿ ತಪಾಸಣೆ ಮಾಡುವ ಸರ್ಕಾರಿ ನೌಕರಿ ನನ್ನದು. ಸರ್ಕಾರಿ ನೌಕರರು ಜಪಾನಿನಲ್ಲಿ ಅರ್ಥಶಾಸ್ತ್ರ ಓದಲೆಂದು ಕೊಡುವ ವಿದ್ಯಾರ್ಥಿವೇತನವೊಂದು ನನಗೆ ಸಿಕ್ಕಿತ್ತು, ಎರಡು ವರ್ಷಕ್ಕೆ. ಗಂಡ ಒಪ್ಪಿದ್ದರು. ಮಗಳನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಅತ್ತೆಯೇ ಮುಂದಾಗಿ ಹೇಳಿದ್ದರು. ಉಳಿದ ತೊಡಕು ಒಂದೇ. ಓದು ಮುಗಿಸಿ ಬಂದು ಐದು ವರ್ಷ ಇಲ್ಲಿಯೇ ದುಡಿಯುತ್ತೇನೆ ಎಂಬ ಮುಚ್ಚಳಿಕೆಗೆ ಇಬ್ಬರು ಕಾಯಂ ನೌಕರರು ಜಾಮೀನು ನಿಲ್ಲಬೇಕಿತ್ತು. ನಾನು ಬಾರದೆ ಹೋದರೆ ದಂಡದ ಹಣ ಅವರ ಕುತ್ತಿಗೆಗೆ. ಕಾಗದ ಮರುದಿನ ಬೆಳಗಾವಿಗೆ ಮುಟ್ಟದಿದ್ದರೆ ನನ್ನ ಜಾಗ ಪಟ್ಟಿಯಲ್ಲಿ ನನ್ನ ಹಿಂದಿದ್ದವರಿಗೆ. ಪೇಢೆ ತಿಂದು ಶಾಬ್ಬಾಸ್ ಎಂದ ಸಹೋದ್ಯೋಗಿಗಳೆಲ್ಲ ಜಾಮೀನು ಎಂದೊಡನೆ ಕೆಮ್ಮತೊಡಗಿದ್ದರು. ಕೊನೆಗೆ ಇಬ್ಬರು ಹೂಂ ಅಂದಿದ್ದರು.

ಅವರಲ್ಲೊಬ್ಬಳು ನನ್ನ ಕಾಲೇಜಿನ ಗೆಳತಿ ಮಹಾದೇವಿ, ಮೂಡಲಗಿಯ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಒಂದು ತಾಸಿನಲ್ಲಿ ಅವಳ ಮನೆಯಲ್ಲಿದ್ದೆ. ಅವಳು ಕಾಗದ ಓದಲೂ ಇಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಕೈ ತೊಳೆದು, ಸಹಿ ಹಾಕಿ, ಮತ್ತೆ ರೊಟ್ಟಿ ಬಡಿಯಲು ಕುಳಿತಳು.

"ಅಲ್ಲಿ ಜ್ವಾಳದ ಹಿಟ್ಟ ಸಿಗತೈತೇನ?"

"ಗೊತ್ತಿಲ್ಲ."

"ಎರಡ ವರ್ಷ ಅನ್ನದ ಮ್ಯಾಲ ಬದುಕಾಕಿ ನೀ? ನೋಡೂಣು."

ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಕೆನೆ ಮೊಸರು. ಎರಡನೆಯ ರೊಟ್ಟಿಗೆ ಕೈ ಹಾಕುವಾಗ ಫೋನು ಬಂತು. ಜಾಮೀನಿಗೆ ಒಪ್ಪಿದ್ದ ಇನ್ನೊಬ್ಬರು. "ಮನ್ಯಾಗ ಒಪ್ಪವಲ್ರು ಮೇಡಂ. ನೀವು ಹೊಳ್ಳಿ ಬರ್ತೀರಿ ಅಂತ ನನಗ ಗೊತ್ತೈತಿ. ಅವ್ರಿಗೆ ಹೆಂಗ ತಿಳಿಸ್ಲಿ?" ಅವರ ದನಿಯಲ್ಲಿ ನಿಜವಾದ ಸಂಕೋಚವಿತ್ತು. ಬೈಯಲು ಬಾಯಿ ಬರಲಿಲ್ಲ. ಇರಲಿ ಎಂದು ಫೋನಿಟ್ಟು, ರೊಟ್ಟಿಯನ್ನು ಮರಳಿ ಬುಟ್ಟಿಗಿಟ್ಟೆ.

ಮಹಾದೇವಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಹುಕ್ಕೇರಿ ಅಪ್ಪಾಸಾಹೇಬ ಕಾಕಾನ್ನ ಕೇಳ" ಎಂದಳು.

"ಯಾವ ಮುಖಾ ಇಟ್ಕೊಂಡ ಕೇಳ್ಲಿ?"

"ನಾಕು ವರ್ಷಾತು, ನನ್ನ ಮುಂದ ಅವ್ರ ಮಾತ ಆಡ್ಕೋತ ಕುಂತೀದಿ. ಒಂದ ಸಲ ಅವ್ರ ಮುಂದ ಆಡಿ ಬಾ."

ನೇರ ಬಸ್ಸಿಗೆ ಕಾಯದೆ ಹಿಂದಕ್ಕೆ ಗೋಕಾಕಕ್ಕೆ ಬಂದು, ಘಟಪ್ರಭಾ ಮೇಲೆ ಹಾಯುವ ಹುಕ್ಕೇರಿ ಬಸ್ಸು ಹಿಡಿದೆ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ದಾರಿಯುದ್ದಕ್ಕೂ ಕಬ್ಬು, ನಡುನಡುವೆ ಗೋವಿನಜೋಳ. ಕಿಟಕಿಯ ಗಾಜು ಮುಚ್ಚಲು ಬಾರದ್ದರಿಂದ ಎಡಗೈ ತೋಳು ಪೂರ್ತಿ ತೋಯ್ದಿತು. ನಾನು ಕಾಗದವನ್ನು ಬಲಗಡೆ ಹಿಡಿದುಕೊಂಡು ಕಾಕಾನೊಂದಿಗಿನ ಹಳೆಯ ಜಗಳವನ್ನೇ ಮೆಲುಕು ಹಾಕುತ್ತಿದ್ದೆ.

ನಾಲ್ಕು ವರ್ಷದ ಹಿಂದೆ ನಾನು ಹುಕ್ಕೇರಿಯಲ್ಲಿದ್ದೆ. ಅಪ್ಪಾಸಾಹೇಬ ಕಾಕಾ ನನಗಿಂತ ಹಿರಿಯರು. ಬೆಳೆ ಕಟಾವು ಮಾಡುವವರು. ಕಟಾವು ಎಂದರೆ ಇಷ್ಟೇ: ಯಾವ ಹೊಲ, ಹೊಲದಲ್ಲಿ ಯಾವ ಜಾಗ ಎಂಬುದನ್ನು ಚೀಟಿ ಎತ್ತಿದಂತೆ ಮೇಲಿನಿಂದ ಬಂದ ಅಂಕಿಗಳು ಹೇಳುತ್ತವೆ. ಅಲ್ಲಿ ಗೂಟ ಹೊಡೆದು, ಐದು ಮೀಟರಿನ ಚೌಕ ಅಳೆದು, ಅಷ್ಟನ್ನೇ ಕೊಯ್ದು ತೂಗಬೇಕು. ಇಂಥ ನಾಲ್ಕಾರು ಚೌಕದ ತೂಕವೇ ಇಡೀ ಊರಿನ ತೂಕ. ವಿಮೆ ಬರುವುದೂ ಬಾರದಿರುವುದೂ ಅದರ ಮೇಲೆ. ಆ ವರ್ಷ ಹತ್ತರಗಿಯ ಕಡೆಯ ಒಂದು ಊರಲ್ಲಿ ಎಲ್ಲರ ಹೆಸರುಕಾಳಿನ ಬೆಳೆ ಚೆನ್ನಾಗಿತ್ತು. ತಗ್ಗಿನಲ್ಲಿದ್ದ ಗಂಗವ್ವ ಎಂಬ ಮುದುಕಿಯ ಹೊಲವೊಂದೇ ನೀರು ನಿಂತು ಕೊಳೆತಿತ್ತು. ಅವಳಿಗೆ ವಿಮೆ ಸಿಗಲೆಂದು ಕಾಕಾ ಅಂಕಿ ಬಂದಿದ್ದ ಹೊಲದಿಂದ ಗೂಟ ಕಿತ್ತು ಅವಳ ಹೊಲದಲ್ಲಿ ಹೊಡೆದರು. ತಪಾಸಣೆಗೆ ಹೋದ ನಾನು ಹಿಡಿದೆ, ಇದ್ದದ್ದು ಇದ್ದಂತೆ ಮೇಲಕ್ಕೆ ಬರೆದೆ. ಕಾಕಾನ ಬಡ್ತಿ ತಪ್ಪಿತು. ಅಂದಿನಿಂದ ಮಾತಿಲ್ಲ. ನನಗೆ ವರ್ಗವಾದಾಗ ಕಚೇರಿಯವರೆಲ್ಲ ಬಸ್ ಸ್ಟ್ಯಾಂಡಿಗೆ ಬಂದಿದ್ದರು, ಅವರೊಬ್ಬರನ್ನು ಬಿಟ್ಟು.

ಹುಕ್ಕೇರಿ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಕಾಕಾ ಕಚೇರಿಯಲ್ಲಿರಲಿಲ್ಲ. "ಹೆಸರ ಕಟಾವು ಅದಾವಲ್ರಿ, ಹತ್ತರಗಿ ಕಡೆ ಹೋಗ್ಯಾರು" ಎಂದು ಅಲ್ಲಿದ್ದ ಹೆಣ್ಣುಮಗಳು ಊರಿನ ಹೆಸರು ಹೇಳಿದಳು. ಅದೇ ಊರು. ಒಂದು ಚಹಾ ಕುಡಿದು ಟಂಟಂ ಆಟೋ ಹತ್ತಿದೆ. ಹತ್ತರಗಿಗೆ ಮೂವತ್ತು ರೂಪಾಯಿ. ಮುಂದೆ ಆ ಊರಿಗೆ ಇನ್ನೊಂದು ಟಂಟಂ, ಹತ್ತು. ಹೆದ್ದಾರಿಯ ಲಾರಿಗಳ ಸದ್ದು ಹಿಂದೆ ಬಿತ್ತು. ಹೆದರಿದ್ದೆ, ಸುಳ್ಳೇಕೆ ಹೇಳಲಿ.

ಮಳೆ ನಿಂತಿತ್ತು. ರಸ್ತೆಯ ಬದಿಯ ಹೊಲದಲ್ಲೇ ಕಾಕಾ ಕಂಡರು, ನೀಲಿ ರೇನ್‌ಕೋಟು, ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಹೊಲದ ಯಜಮಾನ ಟೇಪಿನ ಇನ್ನೊಂದು ತುದಿ ಹಿಡಿದಿದ್ದ. ಕಾಯಿ ಬಿಡಿಸಿ, ತೂಗಿ, ಫೋಟೋ ತೆಗೆದು ಮೊಬೈಲಿನಲ್ಲಿ ಕಳಿಸುವವರೆಗೆ ಬದುವಿನ ಮೇಲೆ ನಿಂತೆ.

"ತಪಾಸಣಿಗೆ ಬಂದೀಯೇನ?" ಎಂದರು, ತಿರುಗಿ ನೋಡದೆಯೇ.

"ಇಲ್ಲರಿ ಕಾಕಾ. ಕೇಳಾಕ ಬಂದೇನಿ."

ಬೇವಿನ ಗಿಡದ ಕೆಳಗೆ ನಿಂತು ಎಲ್ಲ ಹೇಳಿದೆ. ಅವರು ಕಾಗದವನ್ನು ದೂರ ಹಿಡಿದು ನಿಧಾನವಾಗಿ ಓದಿದರು. ಆಮೇಲೆ ಬುತ್ತಿಯ ಡಬ್ಬಿಯ ಮೇಲೆ ಅದನ್ನಿಟ್ಟು, "ಪೆನ್ ತಾ" ಎಂದರು.

ಇಷ್ಟು ಸುಲಭವಾಗುತ್ತದೆಂದು ನಾನು ಎಣಿಸಿರಲಿಲ್ಲ. ಪೆನ್ನು ಕೊಟ್ಟುಬಿಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಕೈ ಮುಂದಾಗಲಿಲ್ಲ.

"ತಡೀರಿ ಕಾಕಾ. ಒಂದ ಮಾತು ಹೇಳಬೇಕು. ಈ ಸ್ಕಾಲರ್‌ಶಿಪ್ಪಿಗೆ ಒಂದು ಪ್ರಬಂಧ ಬರೀಬೇಕಿತ್ತು. ನಾ ನಿಮ್ಮ ಗೂಟದ ಸುದ್ದಿ ಬರದೇನಿ. ಅದನ್ನ ಓದಿ ನನ್ನ ಆರಿಸ್ಯಾರ."

ಅವರ ಮುಖ ಸಣ್ಣಗಾಯಿತು. "ನನ್ನ ಹೆಸರ ಹಾಕೀಯೇನ?"

"ಇಲ್ಲರಿ. ಊರಿಂದೂ ಹಾಕಿಲ್ಲ."

"ನನಗ ಅಷ್ಟ ಇಂಗ್ಲಿಷ್ ಬರೂದಿಲ್ಲ. ನೀನ ಓದಿ ಹೇಳ."

ಮೊಬೈಲಿನಲ್ಲಿದ್ದುದನ್ನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತ ಹೋದೆ. ಇಡೀ ಊರಿಗೆ ಒಂದೇ ತೂಕ ಹಾಕುವ ನಮ್ಮ ಪದ್ಧತಿಯಲ್ಲಿ, ಒಬ್ಬಳ ಹೊಲ ಮಾತ್ರ ಹಾಳಾದರೆ ಅದನ್ನು ಬರೆಯಲು ಜಾಗವೇ ಇಲ್ಲ. ಜಾಗವಿಲ್ಲದ್ದಕ್ಕೆ ಒಬ್ಬ ಒಳ್ಳೆಯ ನೌಕರ ಗೂಟ ಸರಿಸಿದ. ನಾನು ಅವನ ತಪ್ಪನ್ನು ಹಿಡಿದೆ, ಪದ್ಧತಿಯ ತಪ್ಪನ್ನು ಹಿಡಿಯಲಿಲ್ಲ. ಅದನ್ನು ಹಿಡಿಯುವುದು ಹೇಗೆಂದು ಕಲಿಯಬೇಕಾಗಿದೆ.

ಕಾಕಾ ಟೇಪು ಸುತ್ತಿಕೊಂಡರು. "ಜಪಾನಿನವ್ರಿಗೆ ಹೇಳಿದಿ. ನನಗ್ಯಾಕ ಹೇಳ್ಲಿಲ್ಲ?"

"ಆಗ ತಪ್ಪ ಹಿಡದೆ ಅನ್ನೂ ಸೊಕ್ಕು ಇತ್ತರಿ. ಆಮ್ಯಾಲ ನಾಚಿಕಿ."

"ನೀ ಬರದದ್ದೂ ಖರೆನ. ನಾ ಗೂಟ ಕಿತ್ತೇನಿ. ಮುದುಕಿಗಿ ಏನೂ ಸಿಗಲಿಲ್ಲ, ಅದೂ ಖರೆ." ಅವರು ಕೈ ಚಾಚಿದರು. ನಾನು ಪೆನ್ನು ಕೊಟ್ಟೆ. ಸಹಿ ಹಾಕಿ, ಒಣಗಲೆಂದು ಬಾಯಿಂದ ಊದಿ ಕೊಟ್ಟರು.

"ಹೊಳ್ಳಿ ಬರ್ತೀಯೋ ಇಲ್ಲೋ ಅಂತ ಒಂದ ಮಾತ ಕೇಳ್ಲಿಲ್ಲಲ್ರಿ."

"ಕೇಳಿದ್ರ ಬರ್ತೀನಿ ಅಂತಿ. ಎಲ್ಲಾರೂ ಹಂಗ ಅಂತಾರ. ಹೋಗ, ಟಂಟಂ ಬಂತ ನೋಡ."

ಅವರ ಕಾಲಿಗೆ ಬಗ್ಗಬೇಕೆನಿಸಿತು. ಅದಕ್ಕೆ ಅವಕಾಶ ಕೊಡದೆ ಹೊಲದತ್ತ ನಡೆದುಬಿಟ್ಟರು. ನಾನು ಟಂಟಂ ಹತ್ತಿ ಕುಳಿತೆ. ಎದೆಗೆ ಕಾಗದ ಅವುಚಿಕೊಂಡಿದ್ದೆ, ಒಳಗೆ ಏನೋ ಹಗುರಾಗಿತ್ತು. ಗಾಡಿ ಹೊರಟ ಮೇಲೆ ಒಮ್ಮೆ ಹಿಂತಿರುಗಿ ನೋಡಿದೆ.

ಕಾಕಾ ಅದೇ ತಗ್ಗಿನ ಹೊಲಕ್ಕೆ ಇಳಿದಿದ್ದರು. ಈ ಸಲವೂ ಅಲ್ಲಿ ನೀರು ನಿಂತು ಬೆಳೆ ಕರ್ರಗಾಗಿತ್ತು. ಆ ಹೊಲದ ಅಂಕಿ ಈ ವರ್ಷವೂ ಬಂದಿರಲಿಲ್ಲ; ಅಲ್ಲಿ ಅಳೆಯುವ ಕೆಲಸವೇ ಅವರಿಗಿರಲಿಲ್ಲ. ಆದರೂ ಟೇಪಿನ ಒಂದು ತುದಿಯನ್ನು ಕಲ್ಲಿನ ಅಡಿ ಸಿಕ್ಕಿಸಿ ಎಳೆಯುತ್ತಿದ್ದರು. ಅದು ಕೆಸರಿನಲ್ಲಿ ಜಾರುತ್ತಿತ್ತು. ಅವರು ಮತ್ತೆ ಹೋಗಿ ಸಿಕ್ಕಿಸುತ್ತಿದ್ದರು. ಬದುವಿನ ಮೇಲೆ ಒಬ್ಬ ಮುದುಕಿ ನಿಂತು ನೋಡುತ್ತಿದ್ದಳು.

"ನಿಂದರಸ್ರಿ" ಎಂದೆ. ಹತ್ತು ರೂಪಾಯಿ ಕೊಟ್ಟು ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ಹಿಂದಕ್ಕೆ ನಡೆದೆ. ಹೋಗಿ ಟೇಪಿನ ತುದಿ ಹಿಡಿದೆ. ಕಾಕಾ ಇನ್ನೊಂದು ತುದಿ ಎಳೆದರು. ಐದು ಮೀಟರ್ ಆ ಕಡೆ, ಐದು ಮೀಟರ್ ಈ ಕಡೆ. ಇದ್ದಬದ್ದ ಕಾಯಿ ಕಿತ್ತು ತೂಗಿದರೆ ಮುನ್ನೂರು ಗ್ರಾಂ ಸಹ ಇರಲಿಲ್ಲ. ಮೊಬೈಲಿನಲ್ಲಿ ಅದನ್ನು ತುಂಬಲು ಜಾಗವಿಲ್ಲ. ಕಾಕಾ ಒಂದು ಚೀಟಿಯ ಮೇಲೆ ತೂಕ ಬರೆದು ನನ್ನ ಕೈಗಿಟ್ಟರು.

ಗಂಗವ್ವ ಹತ್ತಿರ ಬಂದು ಚೀಟಿಯನ್ನೇ ನೋಡಿದಳು. ನಾಲ್ಕು ವರ್ಷದ ಹಿಂದೆ ಮೇಲಕ್ಕೆ ಬರೆದವಳು ನಾನೇ ಎಂಬುದು ಅವಳಿಗೆ ನೆನಪಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ.

"ಇದನ್ನ ಎಲ್ಲಿಗಿ ಒಯ್ಯಾಕಿ?"

"ದೂರ ಓದಾಕ ಹೊಂಟೇನಿ, ಆಯಿ. ಇಂಥ ಹೊಲಾನೂ ಲೆಕ್ಕಕ್ಕ ಬರೂ ಹಂಗ ಹೆಂಗ ಮಾಡೂದು ಅಂತ ಕಲತು ಬರ್ತೀನಿ."

"ಎಷ್ಟ ದಿನಾ?"

"ಎರಡ ವರ್ಷ."

ಅವಳು ತನ್ನ ಹೊಲದ ಕಡೆ ನೋಡಿದಳು, ಆಮೇಲೆ ನನ್ನ ಕಡೆ. "ಲಗೂನ ಕಲತ ಬಾ, ಯವ್ವಾ. ನನಗ ಎಪ್ಪತ್ತಾಗ್ಯಾವು."