ಮಧ್ಯಾಹ್ನದ ಮೋಡ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ನಾನು ಇಸ್ತ್ರಿ ಮಾಡುವವನು. ಅವನು ತಾರಸಿಯ ಮೇಲೆ ಬಟ್ಟೆ ಒಣಹಾಕುವವನು. ಎಲ್ಲರ ಬಾಯಲ್ಲೂ ಅವನು ಹಗ್ಗದಣ್ಣ. ಹೆಂಡತಿ ತೀರಿಕೊಂಡ ಮೇಲೆ ಒಂದು ಕೋಣೆ, ಒಂದು ತಟ್ಟೆ, ಬಾಯಿಗೆ ಬೀಗ. ಗೊಣಗುವುದರಲ್ಲೂ ಜಿಪುಣ ಪುಣ್ಯಾತ್ಮ.

ಅವನನ್ನು ತಾನಾಗಿ ಮಾತಾಡಿಸುತ್ತಿದ್ದವಳು ಒಬ್ಬಳೇ: ಓಣಿಯಾಚೆ, ಎದುರು ಮಹಡಿಯ ಕಿಟಕಿಯಲ್ಲಿ ಕೂತು ಬಟ್ಟೆ ಹೊಲಿಯುತ್ತಿದ್ದ ಹೆಂಗಸು. ಆಗ ಊರಾಚೆ ಕಣ್ಣು ಹಾಯುವಷ್ಟು ದೂರವೂ ಕಾಡಿತ್ತು. ಮರಗಳು ಬೇರಿನಿಂದ ಹೀರಿದ ನೀರನ್ನು ಎಲೆಗಳಿಂದ ಗಾಳಿಗೆ ಬಿಡುತ್ತಿದ್ದವು. ಬಿಸಿಲೇರಿದಂತೆ ಆ ಹಸಿಗಾಳಿ ಮೇಲೆದ್ದು, ಮಧ್ಯಾಹ್ನಕ್ಕೆ ಮೋಡವಾಗಿ ನಮ್ಮ ತಲೆಯ ಮೇಲೇ ಸುರಿಯುತ್ತಿತ್ತು. ನೀರಿನ ಟ್ಯಾಂಕು ಅಡ್ಡವಿದ್ದುದರಿಂದ ಮೋಡ ಏಳುವುದು ಇವನಿಗೆ ಕಾಣುತ್ತಿರಲಿಲ್ಲ. ಅವಳಿಗೆ ಕಾಣುತ್ತಿತ್ತು.

"ಅಣ್ಣಾ, ಮಳೆ ಬಂತು! ಎತ್ತಿ, ಬೇಗ ಎತ್ತಿ!"

"ಎತ್ತಿದೆ ಕಣಮ್ಮಾ, ಎತ್ತಿದೆ!"

ಮಾತು ಅಷ್ಟೇ. ಆದರೆ ಬೆಡ್‌ಶೀಟುಗಳನ್ನು ಹೊತ್ತು ಇಳಿದು ಬರುವಾಗ ಅವನ ಮುಖ ನೋಡಬೇಕಿತ್ತು, ನೆಂಟರ ಮನೆಯಲ್ಲಿ ಉಂಡು ಬಂದವನ ಹಾಗೆ ಇರುತ್ತಿತ್ತು.

ಆಮೇಲೆ ಕಾಡು ಕಡಿದರು. ಬೋಳು ನೆಲ ಕಾದ ಕಾವಲಿಯಾಯಿತು; ಆದರೆ ಮೇಲೆ ಕಳಿಸಲು ಅದರಲ್ಲಿ ನೀರೇ ಇರಲಿಲ್ಲ. ಎಲ್ಲಿಂದಲೋ ತೇಲಿಬಂದ ಮೋಡವೂ ಅಲ್ಲೇ ಕರಗಿಹೋಗುತ್ತಿತ್ತು. ಬಿಸಿಗಾಳಿ ತಡೆಯಲಾರದೆ ಅವಳು ಕಿಟಕಿ ಮುಚ್ಚಿ, ಹೊಲಿಗೆ ಯಂತ್ರವನ್ನು ಹಿಂದಿನ ಕೋಣೆಗೆ ಸಾಗಿಸಿದಳು.

"ಇನ್ನೇನಪ್ಪಾ, ಬಟ್ಟೆ ಗರಿಗರಿ ಒಣಗುತ್ತೆ. ನಿನ್ನ ಅದೃಷ್ಟ ಖುಲಾಯಿಸ್ತು!" ಎಂದು ಮೇಲ್ವಿಚಾರಕ ಅವನ ಬೆನ್ನು ತಟ್ಟಿದ. ನನಗೆ ಮೈಯೆಲ್ಲ ಉರಿಯಿತು. ಇವನು ದಿನದಿಂದ ದಿನಕ್ಕೆ ಸೊರಗುತ್ತಿದ್ದುದು ಆ ಮಹಾನುಭಾವನ ಕಣ್ಣಿಗೆ ಬಿದ್ದಿರಲೇ ಇಲ್ಲ.

"ಎದುರು ಮನೆ ತಾನೆ, ಹೋಗಿ ಮಾತಾಡಿಸ್ಕೊಂಡು ಬಾರಯ್ಯ," ಎಂದೆ.

"ಏನಂತ ಹೋಗ್ಲಿ? ಮಳೆನೇ ಇಲ್ವಲ್ಲ."

ಮೊನ್ನೆ ಮಧ್ಯಾಹ್ನ ಇದ್ದಕ್ಕಿದ್ದಂತೆ ಕಪ್ಪಿಟ್ಟಿತು. ಬಟ್ಟೆ ಎತ್ತಲು ನಾನೂ ತಾರಸಿಗೆ ಓಡಿದೆ. ಅವನು ಹಗ್ಗದ ಹತ್ತಿರ ಹೋಗಿರಲೇ ಇಲ್ಲ. ಗೋಡೆ ಹಿಡಿದು ನಿಂತು ಮುಚ್ಚಿದ ಕಿಟಕಿಯನ್ನೇ ನೋಡುತ್ತಿದ್ದ. ಒಂದೆರಡು ಹನಿ ಬಿದ್ದವು. ಅವನು ಇನ್ನೂ ಕಾದ. ಕೊನೆಗೆ ತಾನೇ ಗಂಟಲು ಹರಿಯುವಂತೆ ಕೂಗಿದ.

"ಅಮ್ಮಾ, ಮಳೆ ಬಂತು!"

ಕಿಟಕಿ ತೆರೆಯಲಿಲ್ಲ. ಹಿಂದಿನ ಕೋಣೆಗೆ ಕೇಳಿಸಿರಲಾರದು. ಅಷ್ಟರಲ್ಲಿ ಮೋಡ ಚದುರಿ ಬಿಸಿಲು ಬಂತು. ಅವನು ಬೆಡ್‌ಶೀಟುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತ ಹೋದ.

"ಒಂದೂ ನೆನೆದಿಲ್ಲ ಕಣೋ," ಎಂದು ಅಳತೊಡಗಿದ.