ಒಂದು ವ್ಯಾನು, ಇಬ್ಬರು ಷಡ್ಡಕರು

ಹದಿನಾರು ವರ್ಷ ಒಬ್ಬನನ್ನು ಸಿಕ್ಕ ಸಿಕ್ಕಲ್ಲಿ ಹೊಡೆದ ಮನುಷ್ಯ, ಅದೇ ಒಬ್ಬನಿಗಾಗಿ ಉರಿಯುವ ವ್ಯಾನಿನೊಳಗೆ ತಲೆ ಮುಂದು ಮಾಡಿ ನುಗ್ಗಿದ್ದೇಕೆ? ಎಷ್ಟು ಯೋಚಿಸಿದರೂ ಇದಕ್ಕೆ ಉತ್ತರ ಸಿಕ್ಕಿಲ್ಲ. ರಕ್ತಸಂಬಂಧ ಎನ್ನೋಣವೆಂದರೆ ಅವರಿಬ್ಬರು ಅಕ್ಕತಂಗಿಯರನ್ನು ಮದುವೆಯಾದ ಷಡ್ಡಕರು. ಅವರ ನಡುವೆ ಇದ್ದ ರಕ್ತವೆಲ್ಲ ಒಬ್ಬರ ಮೂಗಿನಿಂದ ಇನ್ನೊಬ್ಬರು ಹರಿಸಿದ್ದು. ಮನುಷ್ಯತ್ವ ಎನ್ನೋಣವೆಂದರೆ ಆ ಪದ ಏನನ್ನೂ ವಿವರಿಸುವುದಿಲ್ಲ, ನಮ್ಮ ಅಜ್ಞಾನಕ್ಕೆ ಒಳ್ಳೆಯ ಬಟ್ಟೆ ತೊಡಿಸುತ್ತದೆ ಅಷ್ಟೆ. ಬದುಕುಳಿದವನಿಗೆ, ಅಂದರೆ ಅಕ್ಕನ ಗಂಡನಾದ ಬಡಗಿಗೆ, ಇದು ಬರಿಯ ತರ್ಕದ ಪ್ರಶ್ನೆಯಾಗಿರಲಿಲ್ಲ. ಅವನ ಬಲಗೈ ಸುಟ್ಟು ಮುರುಟಿತ್ತು, ಜೀವ ಉಳಿದಿತ್ತು. ತಂಗಿಯ ಗಂಡನಾದ ವೆಲ್ಡರನಿಗೆ ತಾನು ಋಣಿಯೋ, ಅವನಿಂದ ಹಾಳಾದವನೋ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ನಂಬಿ ಒಂಬತ್ತು ವರ್ಷ ಒಂದೇ ಅಂಗಳದಲ್ಲಿ ಅವನ ಜೊತೆ ಬಾಳಿದ.

ವೆಲ್ಡರ್ ಏಟು ತಿಂದೇ ಕೆಲಸ ಕಲಿತವನು. ಎಣ್ಣೆಯ ಟ್ಯಾಂಕುಗಳನ್ನು ಬೆಸೆಯುವ ಕಾರ್ಖಾನೆಯಲ್ಲಿ, ಬೆಸುಗೆ ಡೊಂಕಾದರೆ ಮೇಸ್ತ್ರಿ ಕಬ್ಬಿಣದ ಸರಳಿನಿಂದ ಬೆನ್ನಿಗೆ ಬಾರಿಸುತ್ತಿದ್ದ. ನೆಟ್ಟಗಾದರೆ ಬಾರಿಸುತ್ತಿರಲಿಲ್ಲ, ಹೊಗಳಿಕೆಯೆಂದರೆ ಅಷ್ಟೇ. ಐದನೆಯ ವರ್ಷ ಸರಳು ಶಿಷ್ಯನ ಕೈಗೆ ಬಂತು, ಮೇಸ್ತ್ರಿ ಎರಡು ತಿಂಗಳು ಕೆಲಸಕ್ಕೆ ಬರಲಿಲ್ಲ. ಅಲ್ಲಿಂದಾಚೆಗೆ ಅವನಿಗೆ ಕೆಲಸವೂ ಹೊಡೆತವೂ ಒಂದೇ ಚೀಲದಲ್ಲಿ ಇಡುವ ಸಾಮಾನುಗಳಾದವು. ಕಬ್ಬಿಣ ಬಗ್ಗದಿದ್ದರೆ ಕಬ್ಬಿಣಕ್ಕೆ, ಗಿರಾಕಿ ಬಗ್ಗದಿದ್ದರೆ ಗಿರಾಕಿಗೆ. ಮದುವೆಯಾದ ಹೊಸತರಲ್ಲಿ ಹೆಂಡತಿಯ ಮೇಲೆ ಒಂದು ಸಲ ಕೈ ಎತ್ತಿದ್ದ. ಅವಳು ಒಲೆಯ ಮೇಲಿದ್ದ ಬಾಣಲೆಯನ್ನು ಎತ್ತಿ ಅವನ ಮಣಿಕಟ್ಟು ಮುರಿದಳು. ಹಾಕಿದ ಪಟ್ಟಿ ಬಿಚ್ಚುವ ದಿನ ಡಾಕ್ಟರು, “ಹೇಗಾಯ್ತು?” ಎಂದಾಗ ಅವನು, “ಮನೇಲಿ ಯಾರು ಮೇಸ್ತ್ರಿ ಅಂತ ಗೊತ್ತಾಯ್ತು” ಎಂದನಂತೆ. ಆಮೇಲೆ ಎಂದೂ ಅವಳನ್ನು ಮುಟ್ಟಲಿಲ್ಲ.

ಬಡಗಿ ನೋಡಲು ಸಾಧು. ಆದರೆ ಸಾಧುವಿನ ಕೈಯಲ್ಲಿ ಯಾವಾಗಲೂ ಉಳಿಯೋ ಕೊಡತಿಯೋ ಇರುತ್ತಿತ್ತು, ಮತ್ತು ಅವನ ನಾಲಿಗೆ ಉಳಿಗಿಂತ ಹರಿತ. ಮಾಮೂಲಿ ದಿನಗಳಲ್ಲಿ ಇಬ್ಬರೂ ಒಬ್ಬರಿಗೊಬ್ಬರು ‘ನೀವು’ ಎನ್ನುತ್ತಿದ್ದರು. ‘ನೀನು’ ಎಂಬ ಮಾತು ಕೇಳಿಸಿದರೆ ಮನೆಯವರು ಗಾಜಿನ ಸಾಮಾನು ಒಳಗೆ ಎತ್ತಿಡುತ್ತಿದ್ದರು.

ಜಗಳಕ್ಕೆಲ್ಲ ನೆಪ ಮಾವನ ವ್ಯಾನು. ಎರಡು ಮನೆಗಳ ನಡುವಿನ ಅಂಗಳದಲ್ಲಿ, ಗಾಳಿಯಿಲ್ಲದ ಚಕ್ರಗಳ ಮೇಲೆ ಅದು ಕುಳಿತಿತ್ತು. ಒಳಗೆ ಮಡಚುವ ಮಂಚ, ಗ್ಯಾಸಿನ ಒಲೆ, ಪುಟ್ಟ ಸಿಂಕು. ಚಾವಣಿಯಲ್ಲಿ ಎತ್ತಿ ತೆರೆಯುವ ಕಿಟಕಿ. ಹೆಣ್ಣುಮಕ್ಕಳಿಬ್ಬರೂ ಚಿಕ್ಕವರಿದ್ದಾಗ ರಜೆ ಬಂದರೆ ಮಾವ ಅದರಲ್ಲೇ ಅವರನ್ನು ಊರೂರು ತಿರುಗಿಸಿದ್ದ. ಅವನು ಸತ್ತ ಮೇಲೆ ಗುಜರಿಯವನು ಬಂದಾಗ ಅಕ್ಕತಂಗಿಯರು ವ್ಯಾನಿನ ಎರಡು ಬಾಗಿಲುಗಳಲ್ಲಿ ನಿಂತುಬಿಟ್ಟರು.

“ಅಪ್ಪನ ವ್ಯಾನು ಹೋಗೋದಾದ್ರೆ ನಮ್ಮನ್ನೂ ತೂಕಕ್ಕೆ ಹಾಕಿ” ಎಂದಳು ಅಕ್ಕ.

“ಇಬ್ಬರು ಗಂಡಂದಿರಿದ್ದೀರಿ, ಒಬ್ಬರಿಗೆ ಕಬ್ಬಿಣ ಗೊತ್ತು, ಒಬ್ಬರಿಗೆ ಮರ ಗೊತ್ತು. ಓಡಿಸಿ ತೋರಿಸಿ ನೋಡೋಣ” ಎಂದಳು ತಂಗಿ.

ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಉಬ್ಬುತ್ತದೆ. ಎರಡು ತಗಡುಗಳ ಸಂದಿನಲ್ಲಿ ಹುಟ್ಟಿದರೆ ಅವೆರಡನ್ನೂ ಮೀಟಿ ಹರಿಯುತ್ತದೆ. ಸದ್ದಿಲ್ಲದೆ, ವರ್ಷಗಟ್ಟಲೆ, ಸನ್ನೆಕೋಲಿನ ಹಾಗೆ. ವೆಲ್ಡರ್ ಗ್ರೈಂಡರ್ ಹಿಡಿದು ವ್ಯಾನಿನ ಪಕ್ಕೆಯನ್ನು ಸೀಳತೊಡಗಿದ. ಅಂಗೈಯಗಲ ಕಂಡ ತುಕ್ಕನ್ನು ಬೆನ್ನಟ್ಟಿ ಅವನು ಬಾಗಿಲಗಲ ಕತ್ತರಿಸಿದ. ಕಿಡಿಗಳು ಅಂಗಳದುದ್ದ ಹಾರಿ ಬಡಗಿಯ ಮರದ ಪುಡಿಯ ಮೇಲೆ ಬಿದ್ದವು.

“ಸಾಕು ನಿಲ್ಲಿಸ್ರೀ! ಹೀಗೇ ಕೊಯ್ತಾ ಹೋದ್ರೆ ಕೊನೆಗೆ ಸ್ಟೀರಿಂಗ್ ಒಂದೇ ಉಳಿಯುತ್ತೆ.”

“ಗಟ್ಟಿ ತಗಡು ಸಿಗೋವರೆಗೂ ಕೊಯ್ಯೋದೇ. ಕೊಳೆತದ್ದನ್ನ ಮುಚ್ಚೋದು ನಿಮ್ಮ ಕಸುಬು.”

“ಒಂದು ಹಲಗೆ ಹೊಡೆದ್ರೆ ಯಾರಿಗೆ ಕಾಣುತ್ತೆ?”

“ಹೌದೌದು, ನಿಮ್ಮ ಬುದ್ಧಿಗೂ ಮೇಲೆ ಒಂದು ಹಲಗೆ ಹೊಡ್ಕೊಂಡಿದ್ದೀರಲ್ಲ.”

“ಏನಂದೆ ನೀನು?”

ಮುಂದಿನ ಕ್ಷಣದಲ್ಲಿ ಕೊಡತಿ ಹಾರಿತು. ವೆಲ್ಡರನ ಕಾಲರ್ ಮೂಳೆ ಒಣಕಡ್ಡಿಯಂತೆ ಲಟಕ್ಕೆಂದಿತು. ಅವನು ಬೀಳುತ್ತಲೇ ಕೈಗೆ ಸಿಕ್ಕ ಸ್ಪ್ಯಾನರ್ ಬೀಸಿದ. ಬಡಗಿಯ ಎರಡು ಹಲ್ಲು ಅಂಗಳದ ಸಿಮೆಂಟಿನ ಮೇಲೆ ಟಪಟಪ ಉದುರಿದವು. ಅಕ್ಕತಂಗಿಯರು ನೀರಿನ ಪೈಪು ತಂದು, ಕಚ್ಚಾಡುವ ನಾಯಿಗಳಿಗೆ ಬಿಡುವಂತೆ ಇಬ್ಬರ ಮೇಲೂ ನೀರು ಬಿಟ್ಟರು.

ಅದಾದ ಮೇಲೆ ಹೆಂಗಸರು ದಿನವನ್ನೇ ಹೋಳು ಮಾಡಿದರು. ಬೆಳಗ್ಗೆಯಿಂದ ಊಟದ ಹೊತ್ತಿನವರೆಗೆ ವ್ಯಾನು ಬಡಗಿಯದು, ಊಟದ ನಂತರ ವೆಲ್ಡರನದು. ಮುಖಾಮುಖಿ ಮಾತಿಲ್ಲ. ಹೇಳಬೇಕಾದದ್ದನ್ನು ತಂತಮ್ಮ ಹೆಂಡತಿಗೆ ಹೇಳಬೇಕು, ಅವಳು ಇನ್ನೊಬ್ಬಳಿಗೆ, ಇನ್ನೊಬ್ಬಳು ತನ್ನ ಗಂಡನಿಗೆ. ಮಾತು ಅಂಗಳ ದಾಟುವಷ್ಟರಲ್ಲಿ ಅದರ ಮೊನೆಯೆಲ್ಲ ಉದುರಿರುತ್ತಿತ್ತು. “ಆ ಕತ್ತೆಗೆ ಹೇಳು, ಚಕ್ರದ ಮೇಲಿನ ತಗಡು ವಕ್ರ” ಎಂದು ಹೊರಟದ್ದು, “ಭಾವ ಕೇಳಿದ್ರು, ಚಕ್ರದ ಹತ್ತಿರ ಸ್ವಲ್ಪ ನೋಡ್ತೀರಾ ಅಂತ” ಎಂದು ಮುಟ್ಟುತ್ತಿತ್ತು. ಈ ವ್ಯವಸ್ಥೆಯಲ್ಲಿ ಎಂಟು ತಿಂಗಳು ಕೆಲಸ ಭರದಿಂದ ಸಾಗಿತು. ಹೊಸ ತಗಡು ಕೂತಿತು, ಇಂಜಿನ್ ಕೆಮ್ಮಿ ಎದ್ದಿತು, ಮರದ ಕಪಾಟುಗಳು ಏರಿದವು. ಹಳೆಯ ಮಡಚುವ ಮಂಚದ ಜಾಗದಲ್ಲಿ ಬಡಗಿ ಆರಡಿ ಉದ್ದದ ಹೊಸ ಮಂಚ ಕೂರಿಸಿದ. ಚಳಿ ತಡೆಯಲೆಂದು ಎಡಗಡೆಯ ಗೋಡೆಯ ಟೊಳ್ಳಿಗೆ, ಡಬ್ಬಿಯಿಂದ ಚಿಮ್ಮಿಸಿದರೆ ಉಬ್ಬಿ ಗಟ್ಟಿಯಾಗುವ ಫೋಮು ತುಂಬಿದ. ತುಂಬಿದ ಸಂಜೆಯೇ ಹೆಂಡತಿಗೆ ಹೇಳಿದ:

“ನಿನ್ನ ತಂಗಿಗೆ ಹೇಳು. ಎಡಗಡೆ ಫೋಮು ಹಾಕಿದೀನಿ. ಅಲ್ಲಿ ಇನ್ನು ಬೆಂಕಿ ಮುಟ್ಟಿಸೋ ಹಾಗಿಲ್ಲ. ಮರೀಬೇಡ, ಇದು ತಮಾಷೆ ಅಲ್ಲ.”

ಮರುದಿನ ಬೆಳಗ್ಗೆ ಮತ್ತೆ ಹೊಡೆದಾಟವಾಯಿತು. ಗ್ಯಾಸ್ ಸಿಲಿಂಡರ್ ನಿಲ್ಲಿಸಲು ವೆಲ್ಡರ್ ನೆಲಕ್ಕೆ ಬೆಸೆದಿದ್ದ ಕಬ್ಬಿಣದ ಚೌಕಟ್ಟು ಬಡಗಿಯ ಡ್ರಾಯರಿಗೆ ಅಡ್ಡ ಬರುತ್ತಿತ್ತು. ಬಡಗಿ ಅದನ್ನು ಗರಗಸದಿಂದ ಕೊಯ್ದು ಅಂಗಳಕ್ಕೆ ಎಸೆದ. ವೆಲ್ಡರ್ ಹಲ್ಲುಜ್ಜುತ್ತ ಹೊರಬಂದವನು ಅದನ್ನು ನೋಡಿದ. ಬಾಯಿ ಮುಕ್ಕಳಿಸಲೂ ನಿಲ್ಲದೆ, ನೊರೆ ಉಗುಳುತ್ತ ಬಂದು ಬಡಗಿಯ ತಲೆಯನ್ನು ವ್ಯಾನಿನ ಬಾಗಿಲಿಗೆ ಮೂರು ಸಲ ಅಪ್ಪಳಿಸಿದ. ಬಡಗಿ ಅವನ ಕಿವಿ ಕಚ್ಚಿದ. ಬಿಡಿಸಲು ಹೋದ ಅಕ್ಕನ ಕೆನ್ನೆಗೂ ಯಾರದೋ ಮೊಣಕೈ ತಗುಲಿತು. ಯಾರದೆಂದು ಇಬ್ಬರೂ ಆಮೇಲೆ ವಾದಿಸಿದರು.

“ನಿನ್ನ ಒಂದೊಂದು ಹಲಗೆನೂ ಸುಟ್ಟು ಬೂದಿ ಮಾಡ್ತೀನಿ ನೋಡ್ತಿರು!” ಎಂದು ವೆಲ್ಡರ್ ಕಿರುಚಿದ್ದನ್ನು ಬೀದಿಯೇ ಕೇಳಿಸಿಕೊಂಡಿತು. ಆದರೆ ಬೀದಿ ಅವನ ಬಾಯಿಂದ ಅಂಥದನ್ನು ವಾರಕ್ಕೆರಡು ಸಲ ಕೇಳುತ್ತಿತ್ತು.

ಹುಬ್ಬು ಒಡೆದು ಮುಖ ಊದಿದ ಬಡಗಿಗೆ ಮಧ್ಯಾಹ್ನ ಮನೆಯವರ ಎದುರು ಊಟಕ್ಕೆ ಕೂರುವ ಮನಸ್ಸಾಗಲಿಲ್ಲ. ಯಾರೂ ನೋಡದ ಹೊತ್ತಿನಲ್ಲಿ ವ್ಯಾನಿನ ಹಿಂಬಾಗಿಲಿಂದ ಒಳಸೇರಿ, ತಾನೇ ಕೂರಿಸಿದ ಚಿಲಕ ಹಾಕಿಕೊಂಡು, ತಾನೇ ಮಾಡಿದ ಮಂಚದ ಮೇಲೆ ಮೈಚಾಚಿದ. ಉದ್ದ ಸರಿಯಾಗಿದೆ ಎಂದುಕೊಂಡದ್ದೇ ಅವನ ಕೊನೆಯ ನೆನಪು.

ಮಲಗಿದವನ ಮೂಗು ಕಾವಲುಗಾರನಲ್ಲ. ಸದ್ದಿಗೆ ನಿದ್ದೆ ಒಡೆಯುವಂತೆ ವಾಸನೆಗೆ ಒಡೆಯುವುದಿಲ್ಲ. ಹೊರಗೆ ಎಡಪಕ್ಕೆಯ ಮೇಲೆ ಬೆಸುಗೆಯ ಜ್ವಾಲೆ ಹೊತ್ತಿದಾಗ ತಗಡಿನ ಇನ್ನೊಂದು ಮೈ ಕೆಲವೇ ಕ್ಷಣಗಳಲ್ಲಿ ಕೆಂಪಾಯಿತು. ಫೋಮು ಮೊದಲು ಹೊಗೆಯಾಯಿತು, ಆಮೇಲೆ ಬೆಂಕಿ. ಆ ಹೊಗೆ ಮನುಷ್ಯನನ್ನು ಸುಡುವುದಕ್ಕೆ ಮುಂಚೆ ವಿಷವಾಗಿ ಮಲಗಿಸುತ್ತದೆ. ಕಪಾಟುಗಳು ಹತ್ತಿಕೊಂಡವು. ಒಳಗಿನಿಂದ ಕೆಮ್ಮೋ ನರಳಾಟವೋ ಏನೋ ಕೇಳಿಸಿರಬೇಕು. ವೆಲ್ಡರ್ ಹಿಂಬಾಗಿಲಿಗೆ ಒದ್ದ. ಬಡಗಿಯ ಕೆಲಸ ಎಂದೂ ಸಡಿಲವಾಗಿದ್ದಿಲ್ಲ, ಚಿಲಕ ಅಲುಗಲಿಲ್ಲ. ಅವನು ಸುತ್ತಿಗೆಯಿಂದ ಪಕ್ಕದ ಕಿಟಕಿ ಪುಡಿ ಮಾಡಿ, ಚೌಕಟ್ಟಿನಲ್ಲಿ ಉಳಿದ ಗಾಜಿನ ಮೊನೆಗಳ ಮೇಲೆಯೇ ಹೊಟ್ಟೆ ಉಜ್ಜುತ್ತ ತಲೆ ಮುಂದಾಗಿ ಒಳಗೆ ಬಿದ್ದ. ಉರಿಯುವ ಕಪಾಟಿನ ಕೆಳಗೆ ಸಿಕ್ಕಿದ್ದ ಬಡಗಿಯ ಬಲಗೈಯನ್ನು ಕಿತ್ತ. ಕಿತ್ತ ರಭಸಕ್ಕೆ ಭುಜದ ಕೀಲು ತಪ್ಪಿತು. ಒಳಗಿನಿಂದ ಚಿಲಕ ತೆಗೆದು ಎಳೆತಂದು ಅಂಗಳದಲ್ಲಿ ಕೆಡವಿ, ಉಸಿರಿಲ್ಲದ ಷಡ್ಡಕನ ಎದೆಗೆ ಗುದ್ದಿದ, ಕೆನ್ನೆಗೆ ಬಾರಿಸಿದ, ಮತ್ತೆ ಗುದ್ದಿದ.

“ಏಳೋ! ಏಳೋ ನನ್ಮಗನೇ! ಹೊಡೆಯದೆ ಬಿಡಲ್ಲ ನಿನ್ನ!”

ಪಕ್ಕೆಲುಬು ಎರಡು ಮುರಿದ ಮೇಲೆ ಬಡಗಿ ಉಸಿರೆಳೆದ.

ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಹಾಸಿಗೆ ಸಿಕ್ಕಿತು. ವೆಲ್ಡರನ ಎರಡೂ ತೋಳು ಮೊಣಕೈವರೆಗೆ ಪಟ್ಟಿಯೊಳಗಿದ್ದವು, ಹೊಟ್ಟೆಗೆ ಮೂವತ್ತು ಹೊಲಿಗೆ.

“ಯಾಕೆ ಬಂದ್ರಿ ಒಳಗೆ?” ಎಂದ ಬಡಗಿ, ಮಾತಾಡಲು ಬಂದ ಮೊದಲ ದಿನ.

“ನೀವು ಹೋದ್ರೆ ಇನ್ಯಾರ್‍ನ ಹೊಡೀಲಿ? ಈ ವಯಸ್ಸಲ್ಲಿ ಹೊಸಬರನ್ನ ಹುಡುಕೋಕಾಗುತ್ತಾ?”

ವಾರ್ಡಿನವರೆಲ್ಲ ನಕ್ಕರು. ಬಡಗಿ ನಗಲಿಲ್ಲ, ಎಲುಬು ನೋಯುತ್ತಿತ್ತು. ಅವನ ತಲೆಯಲ್ಲಿ ಒಂದೇ ಲೆಕ್ಕ: ಎಚ್ಚರಿಕೆ ಅವನಿಗೆ ಮುಟ್ಟಿತ್ತೋ ಇಲ್ಲವೋ? ಮುಟ್ಟಿಯೂ ಬೆಂಕಿ ಹಚ್ಚಿದ್ದರೆ ಇವನು ಕೊಲೆಗಡುಕ. ಮುಟ್ಟಿರದಿದ್ದರೆ ತನಗೆ ಪ್ರಾಣ ಕೊಟ್ಟವನು. ಹೆಂಡತಿಯನ್ನು ಕೇಳಿದ. “ಅವತ್ತು ಸಂಜೆನೇ ಹೇಳಿದೆ” ಎಂದಳು ಅವಳು. ನಾದಿನಿಯನ್ನು ಕರೆಸಿದ. ಅವಳು ಹಾಸಿಗೆಯ ಕಬ್ಬಿಣದ ಅಂಚು ಹಿಡಿದು ನಿಂತಳು.

“ಅವರಿಗೆ ಹೇಳೋದು ಮರೆತೆ ಭಾವ.”

“ಮರೆತೆಯಾ?”

“ಬೆಳಗ್ಗೆ ಜಗಳ ಆಯ್ತಲ್ಲ. ಆ ಗದ್ದಲದಲ್ಲಿ ಮರೆತೆ.”

ಬಡಗಿ ಮುಖ ತಿರುಗಿಸಿದ. ಅವನ ಕೋಪಕ್ಕೆ ಕೊನೆಗೂ ಒಂದು ವಿಳಾಸ ಸಿಕ್ಕಿತು. ಉಳಿ ಹಿಡಿಯಲಾರದ ಕೈಯನ್ನು ನೋಡಿದಾಗಲೆಲ್ಲ ಅವನಿಗೆ ನಾದಿನಿಯ ಮುಖ ಕಾಣುತ್ತಿತ್ತು. ಅವಳು ತಂದಿಟ್ಟ ಚಹಾವನ್ನು ಅವಳ ಕಣ್ಣೆದುರೇ ಗಿಡಕ್ಕೆ ಸುರಿದ. ಒಮ್ಮೆ ಲೋಟವನ್ನೇ ಅವಳತ್ತ ಬೀಸಿ ಒಗೆದ, ಹಣೆಯಲ್ಲಿ ಗುರುತು ಉಳಿಯಿತು. ಅವಳು ರಕ್ತ ಒರೆಸಿಕೊಂಡು ಚೂರು ಗುಡಿಸಿದಳು. ಬಾಣಲೆ ಎತ್ತಿದ ಹೆಣ್ಣು ಇದಕ್ಕೆ ಕೈ ಎತ್ತಲಿಲ್ಲವಲ್ಲ ಎಂದು ಅಕ್ಕನಿಗೆ ಆಶ್ಚರ್ಯವಾಯಿತು.

ಷಡ್ಡಕರು ಮಾತ್ರ ಒಟ್ಟಾದರು. ಸುಟ್ಟ ವ್ಯಾನನ್ನು ಮತ್ತೆ ಬಿಚ್ಚಿದರು. ಈ ಸಲ ಬಡಗಿ ಸ್ಟೂಲಿನ ಮೇಲೆ ಕುಳಿತು ಅಳತೆ ಹೇಳುತ್ತಿದ್ದ, ವೆಲ್ಡರ್ ಮರ ಕೊಯ್ಯುತ್ತಿದ್ದ, ಇಬ್ಬರೂ ಬೈದಾಡುತ್ತಿದ್ದರು. “ಗರಗಸ ಹಿಡಿಯೋದೇ ಹೀಗೇನ್ರೀ? ಹೆಣ ಕೊಯ್ಯೋನ ಹಾಗೆ!” “ಹೌದು, ಅಭ್ಯಾಸಕ್ಕೆ ಒಂದು ಹೆಣ ಬೇಕು, ಬನ್ನಿ ಮಲಗಿ!” ಬೈಗುಳವಿತ್ತು, ಏಟಿರಲಿಲ್ಲ. ಬಡಗಿಯನ್ನು ಸಂತೆಯಲ್ಲಿ ‘ಮೊಂಡುಗೈ’ ಎಂದ ಒಬ್ಬನ ದವಡೆಯನ್ನು ವೆಲ್ಡರ್ ಮುರಿದ, ಎರಡು ರಾತ್ರಿ ಠಾಣೆಯಲ್ಲಿ ಕುಳಿತು ಬಂದ. ಮೂರನೆಯ ವರ್ಷ ವ್ಯಾನು ಓಡಿತು. ಎರಡು ಸಂಸಾರಗಳೂ ಅದರಲ್ಲಿ ಒಂದು ಕೆರೆಯ ದಂಡೆಗೆ ಹೋಗಿ ನಾಲ್ಕು ದಿನ ಇದ್ದವು. ಬಡಗಿ ಮತ್ತು ನಾದಿನಿ ನಾಲ್ಕು ದಿನವೂ ಒಂದು ಮಾತಾಡಲಿಲ್ಲ.

ಒಂಬತ್ತನೆಯ ವರ್ಷ ವೆಲ್ಡರ್ ಸತ್ತದ್ದು ಬೆಂಕಿಯಿಂದಲೇ. ಒಂದು ಶೆಡ್ಡಿನಲ್ಲಿ ಖಾಲಿ ಡ್ರಮ್ಮು ಕತ್ತರಿಸಲು ಕೊಟ್ಟಿದ್ದರು. ಒಳಗೆ ಬಣ್ಣ ತೆಳುಮಾಡುವ ಥಿನ್ನರಿನ ಆವಿ ಉಳಿದಿತ್ತು. ತುಂಬಿದ ಡ್ರಮ್ಮಿಗಿಂತ ಖಾಲಿ ಡ್ರಮ್ಮು ಅಪಾಯಕಾರಿ ಎಂಬುದು ಟ್ಯಾಂಕು ಬೆಸೆದ ಯಾರಿಗಾದರೂ ಗೊತ್ತಿರುವ ವಿಷಯ. ಸಿಡಿದ ಡ್ರಮ್ಮಿನ ಮುಚ್ಚಳ ಅವನ ಎದೆಯನ್ನು ಒಳಕ್ಕೆ ಒತ್ತಿಬಿಟ್ಟಿತ್ತು. ಬಡಗಿ ಎಡಗೈಯಲ್ಲೇ ಷಡ್ಡಕನ ಮುಖದ ಮಸಿ ಒರೆಸಿದ, ಮತ್ತು ಯಾರೂ ಎಂದೂ ಕಂಡಿರದಂತೆ ಅತ್ತ. ನನಗೆ ಪ್ರಾಣ ಕೊಟ್ಟವನು ಹೋದ ಎಂದೇ ಎಲ್ಲರಿಗೂ ಹೇಳಿದ.

ಮೂರು ವಾರ ಕಳೆದ ಮೇಲೆ ಒಂದು ಬೆಳಗ್ಗೆ, ನಾದಿನಿ ಅಂಗಳ ದಾಟಿ ಬಂದು ಅವನ ಸ್ಟೂಲಿನ ಎದುರು ನೆಲದ ಮೇಲೆ ಕುಳಿತಳು.

“ಭಾವ, ಎದ್ದು ಹೋಗಬೇಡಿ. ನಾನು ಮರೆತಿರಲಿಲ್ಲ.”

ಬಡಗಿ ಅವಳನ್ನು ನೋಡಿದ. ಒಂಬತ್ತು ವರ್ಷಗಳಲ್ಲಿ ಮೊದಲ ಸಲ ನೇರವಾಗಿ ನೋಡಿದ.

“ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದೆ. ಎಡಗಡೆ ಫೋಮು ಇದೆಯಂತೆ, ಬೆಂಕಿ ಮುಟ್ಟಿಸಬಾರದಂತೆ ಅಂತ.”

“ಏನಂದ?”

“‘ನೋಡಿದೀನಿ’ ಅಂದ್ರು.”

“ನಾನು ಒಳಗಿದ್ದದ್ದು?”

“ಅದು ಗೊತ್ತಿತ್ತೋ ಇಲ್ವೋ, ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ನಾನು ನಿಜ ಹೇಳಿದ್ರೆ ನೀವು ಅವರನ್ನ ಕೊಲ್ತಿದ್ರಿ, ಅಕ್ಕ ನನಗೆ ಇಲ್ಲದ ಹಾಗೆ ಆಗ್ತಿದ್ಲು. ಅದಕ್ಕೆ ಮರೆತೆ ಅಂದೆ.” ಅವಳು ಸೆರಗಿನಿಂದ ಹಣೆಯ ಗುರುತನ್ನು ಉಜ್ಜಿಕೊಂಡಳು. “ಇನ್ನೊಂದಿದೆ ಭಾವ. ಊಟ ಮುಗಿಸಿ ಅವರು ಸೀದಾ ವೆಲ್ಡಿಂಗ್ ಮೆಶಿನ್ ಹತ್ತಿರ ಹೋಗಲಿಲ್ಲ. ನಲ್ಲಿ ಹತ್ತಿರ ಹೋದ್ರು. ಎರಡು ಬಕೆಟ್ ನೀರು ತುಂಬಿ, ವ್ಯಾನಿನ ಎಡಗಡೆ ಇಟ್ಕೊಂಡ್ರು. ಆಮೇಲೆ ಬೆಂಕಿ ಹೊತ್ತಿಸಿದ್ರು.”