ಹಳಸದ ನೀರು

ಮೇ ತಿಂಗಳ ಭಾನುವಾರ, ಬೆಳಗಿನ ಆರು ಗಂಟೆ. ದಹಿಸರ್‌ನ ನಮ್ಮ ಅಡುಗೆಮನೆಯಲ್ಲಿ ನಾನು, ನನ್ನ ಹೆಂಡತಿ. ಬಾಗಿಲಲ್ಲಿ ಎದುರುಮನೆಯ ನಿವೃತ್ತ ನರ್ಸ್, ಎಲ್ಲರೂ ‘ಬಾಯಿ’ ಎಂದು ಕರೆಯುವವರು. ಮಧ್ಯಾಹ್ನ ಬೀಗರು ಮೊದಲ ಸಲ ಊಟಕ್ಕೆ ಬರುವವರಿದ್ದರು.

ನಲ್ಲಿಯಲ್ಲಿ ಹೊಸ ನೀರು ಬರುವ ಮುನ್ನ ನಿನ್ನೆಯ ‘ಬಾಸಿ’, ಅಂದರೆ ಹಳಸಲು ನೀರು ಚೆಲ್ಲಿ ಕೊಡ ತೊಳೆದಿಡುವುದು ನನ್ನ ಶಿಸ್ತು. ಬಾಯಿಯವರೋ, ತಂಬಿಗೆಯ ಅಂಚಿನ ಹನಿಯನ್ನೂ ಕೊಡದೊಳಕ್ಕೆ ತಟ್ಟಿ ಮುಚ್ಚಳ ಹಾಕುವವರು. ನಾನು ಚೆಲ್ಲುವಾಗಲೆಲ್ಲ ಅವರದು ಒಂದೇ ಪ್ರಶ್ನೆ: “ನೀರೇನ್ ಅನ್ನ ಐತೇನ್ರಿ, ಹಳಸಾಕ?”

ಅಂದೂ ಕೇಳಿದರು. “ಇವತ್ತರ ಬಿಡ್ರಿ” ಎಂದೂ ಸೇರಿಸಿದರು. ನಾನು ಕೊನೆಯ ಕೊಡವನ್ನೂ ಬಗ್ಗಿಸಿ ನಲ್ಲಿ ತಿರುಗಿಸಿದೆ. ಬರೀ ಗಾಳಿ ಬಂತು. ಆ ದಿನ ನೀರು ಕಡಿತ. ಹಾಗೆಂದು ಬಿಲ್ಡಿಂಗಿನ ಎಲ್ಲ ಬಾಗಿಲಿಗೂ ನೋಟಿಸ್ ಅಂಟಿಸಿದವನು ನೀರುಳಿತಾಯ ಸಮಿತಿಯ ಅಧ್ಯಕ್ಷ, ಅಂದರೆ ನಾನೇ.

“ಬೀಗರಿಗೆ ಆ ನೋಟಿಸನ್ನೇ ಬಡಿಸಿ” ಎಂದಳು ಹೆಂಡತಿ.

ಬಾಯಿಯವರು ನಗಲಿಲ್ಲ. ತಮ್ಮ ಮನೆಯಿಂದ ಎರಡು ಕೊಡ ತಂದಿಟ್ಟರು. “ಮೊನ್ನೀದ್ ಐತ್ರಿ ಅಧ್ಯಕ್ಷರ, ನಡೀತದಲ್ಲ?”

ನಡೆಯಿತು. ಬೀಗರು ಸಾರನ್ನು ಮತ್ತೆ ಬಡಿಸಿಕೊಂಡು, “ನಿಮ್ಮ ಏರಿಯಾದ ನೀರಿನ ರುಚಿಯೇ ಬೇರೆ” ಎಂದರು. ನಾನು ಎಲೆಯ ಕಡೆ ನೋಡಿದೆ.

ಅವರು ಹೋದ ಮೇಲೆ ಅರ್ಧ ಕೊಡ ಉಳಿದಿತ್ತು. ತಂಬಿಗೆಯ ಹನಿಯನ್ನು ಅದರೊಳಕ್ಕೆ ತಟ್ಟಿ, ಮುಚ್ಚಳ ಹಾಕಿದೆ.